ರೇಡಿಯೇಟರ್ ಬದಲಿಸಿದ ಮ್ಯಾಲೆ ಲಾರಿ ಕೂಲಿಂಗಿನ್ಯಾಗ ಗಾಳಿ ನಿಂತೈತಿ, ಹೆಂಗ ತೆಗೀಬೇಕು?

ಗದಗ_ಲಾರಿ

ಎಲ್ಲಾರಿಗೂ ನಮಸ್ಕಾರ. ಗಾಡಿ ಆರು ಸಿಲಿಂಡರ್ ಡೀಸೆಲ್, 16 ಟನ್, ಕ್ಯಾಬಿನ್ ಎತ್ತೋದು, ಬಿಎಸ್-4 (ಹೊಗಿ ನಿಯಮದ ಹಂತ). ರೇಡಿಯೇಟರ್ ಕೋರ್, ಮ್ಯಾಲಿನದು ಕೆಳಗಿನದು ಎರಡೂ ಹೋಸ್ ಪೈಪ್ ಬದಲಿ ಆಗ್ಯಾವು. ಇಳಿಸಿದಾಗ ಬಂದ ಕೂಲಂಟ್ 22 ಲೀಟರ್. ತಿರುಗಿ ಹಾಕಿದಾಗ 17 ಲೀಟರಿಗೇ ಹೆಡರ್ ಟ್ಯಾಂಕ್ (ಮ್ಯಾಲೆ ಇರೋ, ಕೂಲಂಟ್ ಹಾಕೋ ಟ್ಯಾಂಕ್) ತುಂಬಿ ನಿಂತಿತು.

ಈಗ ಐಡಲಿನ್ಯಾಗ ಹೀಟರ್ ಹಚ್ಚಿದ್ರ ತಣ್ಣನ ಗಾಳಿ, ರೇಸ್ ಕೊಟ್ರ ಬೆಚ್ಚಗ. ಡ್ಯಾಶ್‌ಬೋರ್ಡ್ ಹಿಂದ ನೀರು ಬುಳುಬುಳು ಅಂತೈತಿ. ಮೀಟರ್ ಮುಳ್ಳು ಅರ್ಧಕ್ಕಿಂತ ಮ್ಯಾಲೆ ಜಿಗದು ಮತ್ತ ತಾನ ಕೆಳಗ ಬರತೈತಿ. ಏರ್ ತೆಗೆಯೋ ಸ್ಕ್ರೂ ಎಲ್ಲೈತಿ ಅಂತ ಸಿಗವಲ್ದು. ಥರ್ಮೋಸ್ಟ್ಯಾಟ್ (ಬಿಸಿ ಆದಾಗ ರೇಡಿಯೇಟರ್ ದಾರಿ ತಗಿಯೋ ವಾಲ್ವ್) ತಗದು ಒಗದ್ರ ಎಲ್ಲಾ ಸರಿ ಆಗತೈತಿ ಅಂತ ಒಬ್ಬರು ಹೇಳ್ಯಾರ. ಮಾಡಬೇಕೋ ಬ್ಯಾಡೋ?

ಹುಬ್ಬಳ್ಳಿ_ಡೀಸೆಲ್

ಥರ್ಮೋಸ್ಟ್ಯಾಟ್ ಮುಟ್ಟಬ್ಯಾಡ್ರಿ. ಅದರ ಮಾತು ಆಮ್ಯಾಲೆ.

ಉತ್ತರ ನಿಮ್ಮ ಪ್ರಶ್ನೆದಾಗ ಐತ್ರಿ. 22 ಇಳಿಸಿ 17 ಹಾಕೀರಿ ಅಂದ್ರ 5 ಲೀಟರಿನ ಜಾಗಾ ಗಾಳಿ ಹಿಡಕೊಂಡು ಕುಂತೈತಿ. ಇಳಿಸೋ ಹೊತ್ತಿಗೆ ಅಳತಿ ಮಾಡಿದ್ದು ಭಾಳ ಚಲೋ ಆತು. ಎಲ್ಲಾರೂ ಹಂಗ ಮಾಡಿದ್ರ ಅರ್ಧ ತಕರಾರು ಗ್ಯಾರೇಜ್ ಬಿಡೂದ್ರಾಗ ಮುಗೀತಾವು.

ಗಾಳಿ ನಿಲ್ಲೋ ಜಾಗಾ ಮೂರು. ಒಂದು, ಕ್ಯಾಬಿನ್ ಹೀಟರ್ ಕೋರ್, ಅಂದ್ರ ಕ್ಯಾಬಿನ್ ಬೆಚ್ಚಗ ಮಾಡೋ ಸಣ್ಣ ರೇಡಿಯೇಟರ್. ಲಾರಿಯೊಳಗ ಅದು ಇಂಜಿನ್ನಿಗಿಂತ ಎತ್ತರ ಇರತೈತಿ. ಐಡಲಿನ್ಯಾಗ ಪಂಪಿನ ಒತ್ತಡ ಕಮ್ಮಿ, ನೀರು ಅಷ್ಟು ಮ್ಯಾಲೆ ಗಾಳಿ ದೂಡಿಕೊಂಡು ಹೋಗಂಗಿಲ್ಲ. ರೇಸ್ ಕೊಟ್ರ ಹೋಗತೈತಿ. ಅದಕ್ಕ ನಿಮಗ ತಣ್ಣಗ-ಬೆಚ್ಚಗ ಆಟ. ಎರಡು, ಥರ್ಮೋಸ್ಟ್ಯಾಟ್ ಕೆಳಗ, ಸಿಲಿಂಡರ್ ಹೆಡ್ಡಿನ ಮೂಲಿಯೊಳಗ. ಇದು ಅಪಾಯದ್ದು. ಆ ಜಾಗಾದಾಗ ಲೋಹಕ್ಕ ನೀರು ತಾಗಂಗಿಲ್ಲ, ಅಲ್ಲೇ ಉಗಿ ಹುಟ್ಟತೈತಿ, ಹೆಡ್ ಸೀಳತೈತಿ. ಟೆಂಪರೇಚರ್ ಸೆನ್ಸರ್ ಗಾಳಿಯೊಳಗ ನಿಂತಿದ್ರ ಕಮ್ಮಿ ತೋರಸತೈತಿ, ಮೀಟರ್ ನಂಬಿ ಗಾಡಿ ಹೊಡದವರ ಇಂಜಿನ್ ಸೀಜ್ ಆಗೋದು ಹಿಂಗ. ಮೂರು, ರೇಡಿಯೇಟರ್ ಮ್ಯಾಲಿನ ಟ್ಯಾಂಕು.

ಈಗ ಮಾಡೋ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಮ್ಯಾಲಿನ ಹೋಸ್ ಕೈಯಾಗ ಹಿಡಿದ್ರ ಬಿಸಿ ಹತ್ತಬಾರದು, ಅಲ್ಲೀತನಕ ಮುಚ್ಚಳ ತಗೀಬ್ಯಾಡ್ರಿ. ಒತ್ತಡದಾಗಿನ ಬಿಸಿ ಕೂಲಂಟ್ ಮುಖಕ್ಕ ಹಾರಿದ್ರ ಚರ್ಮ ಸುಲೀತೈತಿ. ಗಾಡಿ ಮೂತಿ ಮ್ಯಾಲೆ ಬರೋಹಂಗ ಏರಿನ ಜಾಗಾದಾಗ ನಿಲ್ಲಸ್ರಿ, ಹ್ಯಾಂಡ್ ಬ್ರೇಕ್ ಎಳದು ಹಿಂದಿನ ಗಾಲಿಗೆ ಕಲ್ಲು ಕೊಡ್ರಿ. ಹೀಟರ್ ವಾಲ್ವ್ ಪೂರ್ತಿ ಬಿಸಿ ಕಡೆ ತಿರುವ್ರಿ. ವಾಲ್ವ್ ಮುಚ್ಚಿಟ್ಟು ನೀರು ತುಂಬಿದ್ರ ಹೀಟರ್ ಕೋರಿಗೆ ಹನಿ ನೀರೂ ಹೋಗಂಗಿಲ್ಲ. ನಮ್ಮ ಸೆಕಿಯೊಳಗ ಹೀಟರ್ ಯಾರೂ ಹಚ್ಚಂಗಿಲ್ಲ, ಹಂಗಾಗಿ ಇದು ಎಲ್ಲಾರಿಗೂ ಮರೀತೈತಿ.

ಸ್ಕ್ರೂ ಹುಡುಕೋ ಜಾಗಾ: ಥರ್ಮೋಸ್ಟ್ಯಾಟ್ ಹೌಸಿಂಗ್ ಮ್ಯಾಲೆ, ಹೀಟರ್ ಪೈಪ್ ಎಲ್ಲಕ್ಕಿಂತ ಎತ್ತರ ಇರೋ ಕಡೆ, ರೇಡಿಯೇಟರ್ ಮ್ಯಾಲಿನ ಟ್ಯಾಂಕಿನ ಮೂಲಿಯೊಳಗ. ಸಿಗಲಿಲ್ಲಂದ್ರ ಹೀಟರಿಂದ ವಾಪಸ್ ಬರೋ ಹೋಸ್ ಅತೀ ಎತ್ತರದಾಗ ಯಾವ ಜೋಡಣಿಗೆ ಕೂಡತೈತಿ ನೋಡಿ, ಅಲ್ಲಿನ ಕ್ಲಿಪ್ ಸಡಲ ಮಾಡಿ ಹೋಸ್ ಅರ್ಧ ಜಗ್ಗ್ರಿ. ಅದೇ ನಿಮ್ಮ ಸ್ಕ್ರೂ.

ನಿಮಿಷಕ್ಕ ಎರಡು ಲೀಟರ್ ಮೀರದಂಗ ಲಾಳಿಕಿಯಿಂದ ಸಣ್ಣಗ ಹಾಕ್ರಿ. ಬಕೀಟ ಎತ್ತಿ ಒಮ್ಮೆಲೆ ಸುರುವಿದ್ರ ಮ್ಯಾಲಿಂದ ನೀರು, ಕೆಳಗಿಂದ ಗಾಳಿ ಎರಡೂ ಒಂದೇ ದಾರಿಗೆ ಜಗಳಾಡತಾವು, ಗಾಳಿ ಅಲ್ಲೇ ಉಳೀತೈತಿ. ಹಾಕ್ತಾ ಹಾಕ್ತಾ ಮ್ಯಾಲಿನ ಹೋಸ್ ಕೈಯಿಂದ ಹಿಚುಕಿ ಬಿಡ್ರಿ, ಹೆಡರ್ ಟ್ಯಾಂಕಿನ್ಯಾಗ ಗುಳ್ಳಿ ಬರತಾವು. ಸಡಲ ಮಾಡಿದ ಜಾಗಾದಾಗ ಮೊದಲ ಬುಸ್ ಅಂತ ಗಾಳಿ, ಆಮ್ಯಾಲೆ ಗುಳ್ಳಿ ಕೂಡಿದ ನೀರು, ಕಡೀಕ ಕಡಿಯದಂಗ ಒಂದೇ ಧಾರೆ. ಧಾರೆ ಬಂದ ಮ್ಯಾಲೆ ಬಿಗೀರಿ. ಹಿತ್ತಾಳಿ ಸ್ಕ್ರೂ ಇದ್ರ ಜೋರ್ ಹಾಕಬ್ಯಾಡ್ರಿ, ಕತ್ತಿನ್ಯಾಗ ಮುರೀತೈತಿ.

ಮುಂದ, ಮುಚ್ಚಳ ತಗದು ಇಟ್ಟೇ ಚಾಲೂ ಮಾಡಿ 1000–1200 ಆರ್‌ಪಿಎಂನ್ಯಾಗ ಬಿಡ್ರಿ. ಮಟ್ಟ ಇಳದಂಗ ಹಾಕ್ರಿ. ಮೀಟರ್ 70ರ ಹತ್ತಿರ ಬಂತಂದ್ರ ಮುಚ್ಚಳ ಹಾಕಿಬಿಡಬೇಕು. ಥರ್ಮೋಸ್ಟ್ಯಾಟ್ 82 ಡಿಗ್ರಿ ಹತ್ತಿರ ತಗೀತೈತಿ, ತಗದ ಕೂಡಲೆ ನೀರು ಉಕ್ಕಿ ಹೊರಗ ಬರತೈತಿ. ಮುಚ್ಚಳ ಹಾಕಿ, ಕೆಳಗಿನ ಹೋಸ್ ಬಿಸಿ ಆಗೋತನಕ ಓಡಸ್ರಿ. ಬಂದ್ ಮಾಡಿ, ಪೂರ್ತಿ ಆರಿದ ಮ್ಯಾಲೆ ಮಟ್ಟ ನೋಡಿ ಹಾಕ್ರಿ. ಕಾಸೋದು, ಆರಸೋದು ಎರಡು-ಮೂರು ಸರತಿ ಆಗಬೇಕು. ಹೀಟರಿನ ಎರಡೂ ಹೋಸ್ ಮುಟ್ಟಿದಾಗ ಹೆಚ್ಚುಕಮ್ಮಿ ಒಂದೇ ಬಿಸಿ ಇದ್ರ ಅಲ್ಲಿ ನೀರು ಹರೀತೈತಿ ಅಂತ ತಿಳೀರಿ. ಒಂದು ಬಿಸಿ, ಇನ್ನೊಂದು ತಣ್ಣಗ ಇದ್ರ ಗಾಳಿ ಇನ್ನೂ ಐತಿ, ಇಲ್ಲಾ ಕೋರ್ ಕಟ್ಟೇತಿ.

ಒಟ್ಟು ಲೆಕ್ಕ 22ಕ್ಕ ಮುಟ್ಟಬೇಕು. 21.5 ಆದ್ರೂ ನಡೀತೈತಿ. 19ಕ್ಕ ನಿಂತ್ರ ಕೆಲಸ ಮುಗದಿಲ್ಲ.

ರಾಣೆಬೆನ್ನೂರ_ರೇಡಿಯೇಟರ್

ಮೇಲಿನ ಕ್ರಮ ಸರಿಯಾಗಿದೆ. ಆದರೆ ಹೆಡರ್ ಟ್ಯಾಂಕ್ ಇರುವ ಗಾಡಿಯಲ್ಲಿ ಗಾಳಿಯನ್ನು ನಾವು ಕೈಯಿಂದ ತೆಗೆಯುವುದು ಮೊದಲ ಸಲಕ್ಕೆ ಮಾತ್ರ. ಆಮೇಲೆ ದಿನವೂ ಅದನ್ನು ತೆಗೆಯುವುದು ಎರಡು ಸಣ್ಣ ಪೈಪ್: ಒಂದು ರೇಡಿಯೇಟರ್ ಮೇಲಿನ ಟ್ಯಾಂಕಿನಿಂದ, ಇನ್ನೊಂದು ಥರ್ಮೋಸ್ಟ್ಯಾಟ್ ಹೌಸಿಂಗಿನಿಂದ ಹೆಡರ್ ಟ್ಯಾಂಕಿಗೆ ಹೋಗುತ್ತವೆ. ಗುಳ್ಳೆ ಅವುಗಳ ಮೂಲಕ ಮೇಲೆ ಬಂದು ಟ್ಯಾಂಕಿನಲ್ಲಿ ಒಡೆಯುತ್ತದೆ. ಟ್ಯಾಂಕಿನ ತಳದ ದಪ್ಪ ಪೈಪಿನಿಂದ ಬರಿ ನೀರು ಪಂಪಿಗೆ ವಾಪಸ್ ಹೋಗುತ್ತದೆ.

ಈ ಸಣ್ಣ ಪೈಪಿನ ಬಾಯಲ್ಲಿ ಮೂರ್ನಾಲ್ಕು ಮಿಲಿಮೀಟರ್ ತೂತು ಅಷ್ಟೇ ಇರುತ್ತದೆ. ಸವಳು ನೀರು ಹಾಕಿ ಓಡಿಸಿದ ಗಾಡಿಯಲ್ಲಿ ಮೊದಲು ಕಟ್ಟುವುದು ಇದೇ. ಕೋರ್ ಹೊಸದು ಹಾಕಿ, ಈ ಪೈಪ್ ಹಳೆಯದೇ ಜೋಡಿಸಿದರೆ ಗಾಳಿ ಹೋಗುವ ದಾರಿಯೇ ಇಲ್ಲ. ಪರೀಕ್ಷೆ ಸುಲಭ: ಇಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ, ಹೆಡರ್ ಟ್ಯಾಂಕ್ ಕಡೆಯ ತುದಿ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಸ್ವಲ್ಪ ರೇಸ್ ಕೊಟ್ಟಾಗ ಸಣ್ಣ ಧಾರೆ ಬರಬೇಕು. ಬರದಿದ್ದರೆ ನಿಪ್ಪಲ್ ಬಿಚ್ಚಿ ತೆಳುವಾದ ತಂತಿ ಹಾಕಿ ಸ್ವಚ್ಛ ಮಾಡಿ. ಡ್ರಿಲ್ ಹಾಕಿ ತೂತು ದೊಡ್ಡದು ಮಾಡಬೇಡಿ. ಬಿಸಿನೀರು ರೇಡಿಯೇಟರ್ ತಪ್ಪಿಸಿ ಟ್ಯಾಂಕಿಗೆ ಓಡುತ್ತದೆ, ಗಾಡಿ ಹೀಟ್ ಆಗುತ್ತದೆ.

ಪೈಪ್ ಉದ್ದಕ್ಕೂ ಏರುತ್ತಲೇ ಹೋಗಬೇಕು. ನಡುವೆ ಜೋತು ಬಿದ್ದು ತಗ್ಗಾದರೆ ಅಲ್ಲಿ ನೀರು ನಿಂತು ಗಾಳಿಗೆ ಅಡ್ಡ ಆಗುತ್ತದೆ. ಎರಡೂ ಪೈಪನ್ನು ಟೀ ಹಾಕಿ ಒಂದು ಮಾಡುವ ಪದ್ಧತಿ ಕೆಲವು ಕಡೆ ಇದೆ, ಅದು ತಪ್ಪು. ಇಂಜಿನ್ ಕಡೆಯ ಒತ್ತಡ ಹೆಚ್ಚು, ಅದು ರೇಡಿಯೇಟರ್ ಕಡೆಯ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ.

ಗದಗ_ಲಾರಿ

ಪೈಪ್ ಹಳೇವ ಅದಾವ್ರಿ, ನೋಡ್ತೀನಿ. ಮತ್ತ ನೀರಿಂದು ಏನು? ಇಲ್ಲಿ ಬೋರ್ ನೀರ ಸಿಗೋದು. ಕೂಲಂಟಿಗೆ ಅದನ್ನ ಕೂಡಿಸಿದ್ರ ನಡೀತೈತೇನು?

ರಾಣೆಬೆನ್ನೂರ_ರೇಡಿಯೇಟರ್

ನಡೆಯುವುದಿಲ್ಲ. ಗದಗ ಜಿಲ್ಲೆಯ ಬೋರ್ ನೀರಿನಲ್ಲಿ ಗಡಸುತನ ಹೆಚ್ಚು, ಮುಂಡರಗಿ ಕಡೆ ಫ್ಲೋರೈಡ್ ಬೇರೆ. ಬಿಸಿ ಲೋಹಕ್ಕೆ ತಾಗಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ, ಆ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಹೊಸ ಕೋರಿಗೆ ಖರ್ಚು ಮಾಡಿದ ಮೇಲೆ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ಅಥವಾ ಡಿಎಂ (ಖನಿಜ ತೆಗೆದ) ವಾಟರ್, 11 ಲೀಟರ್ ತರುವುದು ಭಾರ ಅಲ್ಲ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಕೂಲಂಟ್. ಡಬ್ಬದ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ಅದು ಮೊದಲೇ ನೀರು ಕೂಡಿಸಿದ್ದು, ಮತ್ತೆ ನೀರು ಬೆರೆಸಬಾರದು. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಬಣ್ಣಕ್ಕೆ ಕಂಪನಿಗಳಲ್ಲಿ ಒಂದೇ ನಿಯಮವಿಲ್ಲ. ಗಾಡಿಯ ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಶನ್ ಡಬ್ಬದ ಮೇಲೂ ಇರಬೇಕು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ 650–750 ಮೀಟರ್ ಮೇಲಿದೆ, ಸಾದಾ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಇದ್ದರೆ ಮುಚ್ಚಳ ಇಲ್ಲದೆಯೂ 105 ದಾಟುತ್ತದೆ. ಒಂದು ಬಾರ್ ಒತ್ತಡದ ಮುಚ್ಚಳ ಸರಿ ಇದ್ದರೆ 125 ದಾಟುತ್ತದೆ. ಲೂಸ್ ಮುಚ್ಚಳ ಹಾಕಿಕೊಂಡು ಅಂಕೋಲಾದಿಂದ ಲೋಡ್ ತಂದು ಅರಬೈಲ್ ಘಟ್ಟ ಏರಿದರೆ ಕುದಿಯುವುದೇ. ಆ ಉಗಿಯನ್ನು ಗಾಳಿ ಎಂದು ತಿಳಿದು ಮತ್ತೆ ಮತ್ತೆ ಏರ್ ತೆಗೆಯುತ್ತಾ ಕೂರುತ್ತಾರೆ. ಮುಚ್ಚಳದ ರಬ್ಬರ್ ಸೀಳಿದೆಯೇ, ಒಳಗಿನ ಸಣ್ಣ ವಾಲ್ವ್ ಬೆರಳಲ್ಲಿ ಎಳೆದರೆ ವಾಪಸ್ ಕೂರುತ್ತದೆಯೇ ನೋಡಿ. ಆ ಸಣ್ಣ ವಾಲ್ವ್ ಹಿಡಿದುಕೊಂಡರೆ ಇಂಜಿನ್ ಆರುವಾಗ ಹೋಸ್ ಚಪ್ಪಟೆಯಾಗುತ್ತದೆ.

ಹಳೆಯ ಕೂಲಂಟನ್ನು ನೆಲಕ್ಕೆ ಬಿಡಬೇಡಿ. ಅದು ಸಿಹಿ ಇರುತ್ತದೆ, ದನ, ನಾಯಿ ನೆಕ್ಕಿದರೆ ಸಾಯುತ್ತವೆ.

ಶಿಗ್ಗಾವಿ_ಫ್ಲೀಟ್

ಥರ್ಮೋಸ್ಟ್ಯಾಟ್ ವಿಷಯದಾಗ ನಂದು ಬ್ಯಾರೆ ಮಾತು. ಹಳೇ ಗಾಡಿಗೆ ಬ್ಯಾಸಗಿಯೊಳಗ ತಗದಿಟ್ರ ಏನೂ ಆಗಂಗಿಲ್ಲ. ಹಾವೇರಿ ಕಡೆ ಎಷ್ಟೋ ಲಾರಿ ಹಂಗ ಓಡ್ಯಾಡತಾವು. ಗಾಳಿ ಹೊರಗ ಹೋಗಾಕೂ ಸಲೀಸು.

ಹುಬ್ಬಳ್ಳಿ_ಡೀಸೆಲ್

ಓಡ್ಯಾಡತಾವು ಖರೆ, ಆದ್ರ ಯಾಕ ಬ್ಯಾಡ ಅಂತೀನಿ ಕೇಳ್ರಿ. ಈ ಇಂಜಿನ್‌ಗಳ ಥರ್ಮೋಸ್ಟ್ಯಾಟ್ ಎರಡು ಕೆಲಸ ಮಾಡತೈತಿ. ಬಿಸಿ ಆದಾಗ ರೇಡಿಯೇಟರ್ ದಾರಿ ತಗೀತೈತಿ, ಅದೇ ಹೊತ್ತಿಗೆ ಬೈಪಾಸ್ ದಾರಿ ಮುಚ್ಚತೈತಿ. ತಗದು ಒಗದ್ರ ಬೈಪಾಸ್ ಕಾಯಂ ತಗದೇ ಇರತೈತಿ. ನೀರಿಗೆ ಅದೇ ಹತ್ತಿರದ ದಾರಿ, ರೇಡಿಯೇಟರಿಗೆ ಹೋಗದ ಇಂಜಿನ್ನಿಗೇ ತಿರುಗತೈತಿ. ಖಾಲಿ ಗಾಡಿಗೆ ತಣ್ಣಗ ಇರತೈತಿ, ಲೋಡ್ ಹಾಕಿ ಏರು ಹತ್ತಿದಾಗ ಹೀಟ್. ತಣ್ಣನ ಇಂಜಿನ್ ಡೀಸೆಲ್ ಹೆಚ್ಚು ಕುಡೀತೈತಿ, ಲೈನರ್ ಸವೀತಾವು. ಬಿಎಸ್-6 ಗಾಡಿಯೊಳಗ ತಗದ್ರಂತೂ ಇಂಜಿನ್ ಬಿಸಿ ಏರಲಿಲ್ಲ ಅಂತ ಲೈಟ್ ಬರತೈತಿ, ಡಿಪಿಎಫ್ (ಹೊಗಿಯ ಮಸಿ ಹಿಡಿಯೋ ಫಿಲ್ಟರ್) ಒಳಗಿನ ಮಸಿ ಸುಡೋ ಕೆಲಸಾನೂ ನಿಲ್ಲತೈತಿ.

ಗಾಳಿ ಹೋಗಾಕ ಥರ್ಮೋಸ್ಟ್ಯಾಟಿನ ಚಾಚಿನ ಮ್ಯಾಲೆ ಸಣ್ಣ ತೂತು ಇರತೈತಿ, ಅದರಾಗ ಅಲುಗಾಡೋ ಒಂದು ಪಿನ್. ಹೊಸದು ಕೂಡಿಸೋವಾಗ ಆ ಪಿನ್ ಎಲ್ಲಕ್ಕಿಂತ ಮ್ಯಾಲೆ, ಗಡಿಯಾರದ ಹನ್ನೆರಡರ ಜಾಗಾಕ್ಕ ಬರಬೇಕು. ಕೆಳಗ ಬಂದ್ರ ಹೆಡ್ಡಿನ್ಯಾಗಿನ ಗಾಳಿ ಹೊರಗ ಬರಂಗಿಲ್ಲ. ಸಂಶಯ ಇದ್ರ ಥರ್ಮೋಸ್ಟ್ಯಾಟ್ ಬಿಚ್ಚಿ ನೀರಿನ್ಯಾಗ ಮುಳುಗಿಸಿ ಕಾಸ್ರಿ, ಅದರ ಮ್ಯಾಲೆ ಒತ್ತಿದ ಡಿಗ್ರಿಗೆ ತಗೀತೈತೋ ಇಲ್ಲೋ ಕಾಣತೈತಿ. ತಳಕ್ಕ ತಾಗದಂಗ ದಾರದಾಗ ಇಳಿಬಿಡ್ರಿ.

ಶಿಗ್ಗಾವಿ_ಫ್ಲೀಟ್

ಬೈಪಾಸ್ ಮಾತು ಒಪ್ಪಿದೆ. ಇನ್ನೊಂದು ಕೂಡಿಸ್ತೀನಿ. ನಾಲ್ಕೈದು ಗಾಡಿ ಇದ್ದವರಿಗೆ ವ್ಯಾಕ್ಯೂಮ್ ಹಾಕಿ ತುಂಬೋ ಕಿಟ್ ಉಪಯೋಗ ಐತಿ. ಗ್ಯಾರೇಜಿನ ಏರ್ ಕಂಪ್ರೆಸರ್ ಹಚ್ಚಿದ್ರ ಅದು ಸಿಸ್ಟಮ್ಮಿನ ಗಾಳಿ ಜಗ್ಗತೈತಿ. ಪುಸ್ತಕದಾಗ ಬರದ ಇಂಚು ಮುಟ್ಟಲಿಲ್ಲ ಅಂತ ಗಾಬರಿ ಆಗಬ್ಯಾಡ್ರಿ: ಸಮುದ್ರ ಮಟ್ಟದಾಗ ಪೂರ್ತಿ ನಿರ್ವಾತ 29.9 ಇಂಚು ಪಾದರಸ, ನಮ್ಮ ಎತ್ತರಕ್ಕ 27.7ರ ಹತ್ತಿರ. 24–25 ಬಂದ್ರ ಸಾಕು. ಹೋಸ್ ಎಲ್ಲಾ ಚಪ್ಪಟ ಆಗತಾವು, ಅದು ಸಹಜ. ಐದು ನಿಮಿಷ ಮುಳ್ಳು ಕದಲದಂಗ ನಿಂತ್ರ ಲೀಕ್ ಇಲ್ಲ. ಇಳದ್ರ ನೀರು ಹಾಕೋಕಿಂತ ಮೊದಲ ಲೀಕ್ ಹುಡಕ್ರಿ. ಆಮ್ಯಾಲೆ ವಾಲ್ವ್ ತಿರುವಿದ್ರ ಡಬ್ಬಿಯ ಕೂಲಂಟ್ ತಾನ ಒಳಗ ಹೋಗತೈತಿ. ಡಬ್ಬಿ ಖಾಲಿ ಆಗಿ ಪೈಪಿನ ತುದಿ ಗಾಳಿ ಕುಡದ್ರ ಮಾಡಿದ್ದೆಲ್ಲಾ ವ್ಯರ್ಥ, ಅದಕ್ಕ 22 ಲೀಟರಿನ ಗಾಡಿಗೆ 25 ಲೀಟರ್ ಕಲಸಿ ಇಟ್ಕೋರಿ. ಇಷ್ಟಾದ್ರೂ ಹತ್ತರಾಗ ಒಂದು ಪಾಲು ಗಾಳಿ ಉಳೀತೈತಿ, ಒಂದು ಸಲ ಕಾಸಿ ಆರಿಸಿ ಮಟ್ಟ ನೋಡೋದು ತಪ್ಪಂಗಿಲ್ಲ.

ಗದಗ_ಲಾರಿ

ಹೇಳಿದಂಗ ಮಾಡಿದ್ವಿ. ಥರ್ಮೋಸ್ಟ್ಯಾಟ್ ಹೌಸಿಂಗಿನ ಸಣ್ಣ ಪೈಪ್ ಖರೇನ ಕಟ್ಟಿತ್ತು, ತಂತಿ ಹಾಕಿ ಬಿಡಿಸಿದ್ವಿ. ಒಟ್ಟು 21.5 ಲೀಟರ್ ಹಿಡೀತು. ಹೀಟರ್ ಐಡಲಿನ್ಯಾಗೂ ಬಿಸಿ, ಸಪ್ಪಳ ನಿಂತೈತಿ. ಆದ್ರ ಲೋಡ್ ಹಾಕಿ ಕಲಘಟಗಿ ದಾಟಿ ಯಲ್ಲಾಪುರ ಕಡೆ ಹೋಗಿ ಬಂದ ಮ್ಯಾಲೆ ಹೆಡರ್ ಟ್ಯಾಂಕಿನ್ಯಾಗ ಮತ್ತ ಗುಳ್ಳಿ. ಮಟ್ಟ ಏರಿ ಮುಚ್ಚಳದಿಂದ ಒಂದೀಟು ಹೊರಗ ಬಂದೈತಿ.

ಹುಬ್ಬಳ್ಳಿ_ಡೀಸೆಲ್

ಹಂಗಾರ ಈಗ ಪ್ರಶ್ನೆ ಬದಲಾತು. ತುಂಬೋವಾಗ ಉಳದ ಗಾಳಿ ಒಮ್ಮೆ ಹೋದ್ರ ಹೋತು, ತಿರುಗಿ ಬರಂಗಿಲ್ಲ. ಮತ್ತ ಬಂತಂದ್ರ ಯಾವುದೋ ಜಾಗಾ ಗಾಳಿ ಒಳಗ ತುಂಬಾಕತ್ತೈತಿ. ಇನ್ನ ಏರ್ ತೆಗೆಯೋದು ಬಿಟ್ಟು, ತುಂಬೋ ಜಾಗಾ ಹಿಡೀಬೇಕು.

ಮೊದಲ ಹೆಡ್ ಗ್ಯಾಸ್ಕೆಟ್, ಅಂದ್ರ ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್. ಬೆಳಿಗ್ಗೆ ತಣ್ಣನ ಇಂಜಿನ್ ಚಾಲೂ ಮಾಡಿ ಮ್ಯಾಲಿನ ಹೋಸ್ ಹಿಡೀರಿ. ನೀರು ಬಿಸಿ ಆಗೋಕಿಂತ ಮೊದಲ, ಒಂದೆರಡು ನಿಮಿಷದಾಗ ಕಲ್ಲಿನಂಗ ಬಿಗಿ ಆದ್ರ ಸಿಲಿಂಡರಿನ ಒತ್ತಡ ಬರಾಕತ್ತೈತಿ. ಇನ್ನೊಂದು, ನೀಲಿ ದ್ರಾವಣದ ಟೆಸ್ಟ್: ಹೆಡರ್ ಟ್ಯಾಂಕಿನ ಬಾಯಿಗೆ ಕೊಳವಿ ಹಿಡದು ಒಳಗಿನ ಗಾಳಿ ಆ ದ್ರಾವಣದಾಗ ಜಗ್ಗಬೇಕು. ಇಂಜಿನ್ ಹೊಗಿ ಇದ್ರ ನೀಲಿ ಹೋಗಿ ಹಸಿರು ಇಲ್ಲಾ ಹಳದಿ ಆಗತೈತಿ. ಕೂಲಂಟ್ ಕೊಳವಿಯೊಳಗ ಬರಬಾರದು, ಬಂದ್ರ ಫಲಿತಾಂಶ ನಂಬಂಗಿಲ್ಲ. ಇಜಿಆರ್ ಕೂಲರ್ (ಇಂಜಿನ್ನಿಗೆ ವಾಪಸ್ ಹೋಗೋ ಹೊಗಿ ಆರಸೋದು) ಒಳಗ ಸೀಳಿದ್ರೂ ಬಣ್ಣ ಬದಲಾಗತೈತಿ, ಅದಕ್ಕ ಹೆಡ್ ಇಳಿಸೋಕಿಂತ ಮೊದಲ ಇಜಿಆರ್ ಕೂಲರ್ ಬಿಚ್ಚಿ ಒತ್ತಡ ಹಾಕಿ ನೋಡಬೇಕು. ಬಣ್ಣ ಬದಲಾಗದ ನೀಲಿ ನೀಲಿಯಾಗೇ ಉಳದು ಗುಳ್ಳಿ ಬರಾಕತ್ತಿದ್ರ ಬರತಿರೋದು ಬರೇ ಗಾಳಿ. ಬರೇ ಗಾಳಿ ಅಂದ್ರ ಎರಡೇ ಜಾಗಾ. ಒಂದು, ಪಂಪಿನ ಜಗ್ಗೋ ಕಡೆ: ಕೆಳಗಿನ ಹೋಸಿನ ಕ್ಲಿಪ್, ವಾಟರ್ ಪಂಪ್ ಸೀಲ್. ಅಲ್ಲಿ ನಿಂತಾಗ ಹನಿ ನೀರು ಹೊರಗ ಬರತೈತಿ, ಜೋರ್ ರೇಸಿನ್ಯಾಗ ಗಾಳಿ ಒಳಗ ಹೋಗತೈತಿ. ಹೊಸ ಹೋಸ್ ಹಾಕೀರಿ, ಬಿಸಿ ಆಗಿ ಆರಿದ ಮ್ಯಾಲೆ ಕ್ಲಿಪ್ ಇನ್ನೊಮ್ಮೆ ಬಿಗದೀರೋ ಇಲ್ಲೋ? ಎರಡನೇದು ಏರ್ ಬ್ರೇಕಿಂದು, ಅದನ್ನ ಧಾರವಾಡದವರು ಹೇಳ್ತಾರ.

ಧಾರವಾಡ_ಏರ್‌ಬ್ರೇಕ್

ಲಾರಿ-ಬಸ್ಸಿನಾಗ ಎಲ್ಲಾರೂ ಮರಿಯೋ ಜಾಗಾ ಇದು. ಬ್ರೇಕಿನ ಏರ್ ಕಂಪ್ರೆಸರಿನ ಹೆಡ್ಡಿಗೂ ಇಂಜಿನ್ ಕೂಲಂಟೇ ಹರೀತೈತಿ. ಅದರ ಗ್ಯಾಸ್ಕೆಟ್ ಹೋದ್ರ, ಇಲ್ಲಾ ಹೆಡ್ ಸೀಳಿದ್ರ, 8 ಬಾರ್ ಗಾಳಿ ಸೀದಾ ನೀರಿನ್ಯಾಗ ಹೋಗತೈತಿ. ಕೂಲಿಂಗ್ ಸಿಸ್ಟಮ್ ತಡಕೊಳ್ಳೋದು ಹೆಚ್ಚಂದ್ರ ಒಂದು ಬಾರ್. ಮುಚ್ಚಳ ಎತ್ತಿ ನೀರು ಹೊರಗ ಚೆಲ್ಲೋದು ಅದಕ್ಕ. ಈ ತಪ್ಪಿಗೆ ಇಂಜಿನ್ ಹೆಡ್ ಇಳಿಸಿ, ಪ್ಲೇನ್ ಮಾಡಿಸಿ, ತಿರುಗಿ ಕೂಡಿಸಿದ್ರೂ ಗುಳ್ಳಿ ನಿಲ್ಲಂಗಿಲ್ಲ, ರೊಕ್ಕ ಎಲ್ಲಾ ನೀರಾಗತೈತಿ.

ಟೆಸ್ಟ್ ಹಿಂಗ. ಗಾಲಿಗೆ ಕಲ್ಲು ಕೊಟ್ಟು ಏರ್ ಟ್ಯಾಂಕ್ ಎಲ್ಲಾ ಖಾಲಿ ಮಾಡ್ರಿ. ಟ್ಯಾಂಕಿನ ಡ್ರೇನ್ ತಗದಾಗ ಏನ್ ಬರತೈತಿ ಅದನ್ನೂ ನೋಡ್ರಿ: ಕೂಲಂಟಿನ ಬಣ್ಣ, ಸಿಹಿ ವಾಸನಿ ಇದ್ರ ಅಲ್ಲಿಗೇ ಪಕ್ಕಾ ಆತು, ಇಂಜಿನ್ ಬಂದ್ ಆದ ಮ್ಯಾಲೆ ನೀರು ಕಂಪ್ರೆಸರ್ ಸಿಲಿಂಡರಿಗೆ ಇಳಿಯಾಕತ್ತೈತಿ. ಏನೂ ಇಲ್ಲಂದ್ರ ತಣ್ಣನ ಇಂಜಿನ್ ಚಾಲೂ ಮಾಡಿ, ಮುಚ್ಚಳ ತಗದು, 1200 ಆರ್‌ಪಿಎಂನ್ಯಾಗ ಒಬ್ಬರು ಗೇಜ್ ನೋಡ್ರಿ, ಒಬ್ಬರು ಹೆಡರ್ ಟ್ಯಾಂಕ್ ನೋಡ್ರಿ. ಗೇಜ್ 4–5 ಬಾರ್ ಮ್ಯಾಲೆ ಹೋದಂಗ ಗುಳ್ಳಿ ಹೆಚ್ಚಾಗಬೇಕು. 8ರ ಹತ್ತಿರ ಬುಸ್ ಅಂತ ಕಟ್-ಆಫ್ ಆದ ಕೂಡಲೆ ಕಂಪ್ರೆಸರ್ ಮ್ಯಾಲಿನ ಭಾರ ಇಳೀತೈತಿ, ಗುಳ್ಳಿ ಕಮ್ಮಿ ಆಗಬೇಕು ಇಲ್ಲಾ ನಿಲ್ಲಬೇಕು. ಬ್ರೇಕ್ ಪೆಡಲ್ ನಾಲ್ಕೈದು ಸಲ ತುಳದು ಒತ್ತಡ ಇಳಸ್ರಿ, ಮತ್ತ ಗುಳ್ಳಿ ಸುರು ಆಗಬೇಕು. ಎರಡು-ಮೂರು ಸಲ ಹಿಂಗ ತಾಳ ಕೂಡಿದ್ರ ಕಂಪ್ರೆಸರೇ. ಕಟ್-ಆಫ್ ಆದ ಮ್ಯಾಲೂ ಅಷ್ಟೇ ಜೋರಿದ್ರ ಇಂಜಿನ್ ಕಡೆ ಹೊಳ್ಳ್ರಿ.

ಗದಗ_ಲಾರಿ

ನೀಲಿ ನೀಲಿಯಾಗೇ ಉಳೀತು. ಕಟ್-ಆಫ್ ಆದಾಗ ಗುಳ್ಳಿ ನಿಂತು, ಬ್ರೇಕ್ ತುಳದು ಒತ್ತಡ ಇಳದ ಮ್ಯಾಲೆ ಮತ್ತ ಸುರು ಆದ್ವು. ಮೂರು ಸಲಾನೂ ಹಂಗ. ಕಂಪ್ರೆಸರ್ ಪೂರಾ ಬದಲಿಸಬೇಕೇನ್ರಿ?

ಧಾರವಾಡ_ಏರ್‌ಬ್ರೇಕ್

ಬಿಚ್ಚಿ ನೋಡೋತನಕ ಬ್ಯಾಡ. ಕೂಲಂಟ್ ಇಳಿಸಿ, ಅಳತಿ ಬರದಿಟ್ಟು, ಹೆಡ್ ತಗೀರಿ. ಗ್ಯಾಸ್ಕೆಟ್ ಮ್ಯಾಲೆ ಸಿಲಿಂಡರಿಂದ ನೀರಿನ ತೂತಿನ ಕಡೆ ಕರೀ ಗೆರಿ ಕಂಡ್ರ ಗಾಳಿ ಓಡಿದ ದಾರಿ ಅದು. ಹೆಡ್ಡಿನ ಮ್ಯಾಲೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳಿಯೋ ತೆಳು ಪಟ್ಟಿ) ಹಾಕಿ ಸಮ ಐತೋ ನೋಡ್ರಿ. ಎರಡು ವಾಲ್ವಿನ ನಡುವ ಕೂದಲೆಳಿ ಸೀಳು ಇದ್ರ ಹೆಡ್ ಬದಲಿಸ್ರಿ, ವೆಲ್ಡಿಂಗ್ ಮಾಡಿದ್ದು ಆ ಬಿಸಿಗೆ ನಿಲ್ಲಂಗಿಲ್ಲ. ಸಿಲಿಂಡರ್ ಗೆರಿ ಬಿದ್ದು ಆಯಿಲ್ ಎತ್ತತಿದ್ರ ಮಾತ್ರ ಪೂರಾ ಕಂಪ್ರೆಸರ್. ಕಂಪ್ರೆಸರಿಂದ ಟ್ಯಾಂಕಿಗೆ ಹೋಗೋ ಪೈಪೂ ಬಿಚ್ಚಿ ಒಳಗ ನೋಡ್ರಿ. ಕರೀ ಕಿಟ್ಟ ಕಟ್ಟಿ ದಾರಿ ಸಣ್ಣ ಆಗಿದ್ರ ಗಾಳಿ ಹೊರಗ ಹೋಗದ ಹೆಡ್ ಕಾಯತೈತಿ, ಹೊಸ ಗ್ಯಾಸ್ಕೆಟ್ಟೂ ಸುಡತೈತಿ. ಗ್ಯಾಸ್ಕೆಟ್ ಹೋಗಾಕ ಮೂಲ ಕಾರಣ ಭಾಳ ಸಲ ಆ ಪೈಪೇ ಇರತೈತಿ.

ಬೋಲ್ಟ್ ಎದುರಾಬದುರಾ ಮೂರು ಹಂತದಾಗ, ಪುಸ್ತಕದ ಟಾರ್ಕಿಗೆ ಬಿಗೀರಿ. ಕಂಪ್ರೆಸರಿನ ಎರಡು ಕೂಲಂಟ್ ಪೈಪಿನ ಬಂಜೋ ಬೋಲ್ಟಿಗೆ (ಒಳಗ ನೀರು ಹರಿಯೋ ತೂತಿರೋ ಬೋಲ್ಟ್) ತಾಮ್ರದ ವಾಷರ್ ಹೊಸಾವು ಹಾಕ್ರಿ. ಕೂಲಂಟ್ ಹಾಕೋವಾಗ ವಾಪಸ್ ಪೈಪಿನ ಬಂಜೋ ಒಂದು ಸುತ್ತು ಸಡಲ ಬಿಟ್ಟು, ಧಾರೆ ಬಂದ ಮ್ಯಾಲೆ ಬಿಗೀಬೇಕು. ಅಲ್ಲೂ ಗಾಳಿ ನಿಲ್ಲತೈತಿ.

ಹುಬ್ಬಳ್ಳಿ_ಡೀಸೆಲ್

ಕಂಪ್ರೆಸರ್ ಆಯಿಲ್ ಕೂಲಂಟಿನ್ಯಾಗ ಕೂಡಿದ್ರ ಹೆಡರ್ ಟ್ಯಾಂಕಿನ ಗ್ವಾಡಿಗೆ ಕಂದು ಜಿಡ್ಡು ಹತ್ತಿರತೈತಿ. ಹತ್ತಿದ್ರ ಆ ಕೂಲಂಟ್ ತಿರುಗಿ ಹಾಕಬ್ಯಾಡ್ರಿ, ಜಿಡ್ಡು ಹೋಸಿನ ರಬ್ಬರ್ ಉಬ್ಬಸತೈತಿ. ಫ್ಲಶ್ ಮಾಡೋ ದ್ರಾವಣ ಹಾಕಿ ಓಡಿಸಿ, ನೀರು ತಿಳಿ ಬರೋತನಕ ತೊಳದು, ಹೊಸ ಕೂಲಂಟ್ 22 ಲೀಟರ್ ಅಳದು ಹಾಕ್ರಿ. ಹೆಡರ್ ಟ್ಯಾಂಕ್ ಕುತ್ತಿಗಿತನಕ ತುಂಬಬ್ಯಾಡ್ರಿ; ಅಷ್ಟು ಕೂಲಂಟ್ ಬಿಸಿ ಆದಾಗ ಸುಮಾರು ಒಂದು ಲೀಟರ್ ಹಿಗ್ಗತೈತಿ, ತಣ್ಣಗಿದ್ದಾಗ ಎರಡು ಗೆರಿ ನಡುವ ಇದ್ರ ಸಾಕು. ಮೊದಲನೇ ಲೋಡ್ ಟ್ರಿಪ್ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಇಂಜಿನ್ ಚಾಲೂ ಮಾಡೋಕಿಂತ ಮೊದಲ ಮಟ್ಟ ನೋಡಿ ಇಲ್ಲೇ ಬರೀರಿ, ಎಷ್ಟು ಹಿಡೀತು ಅಂತ ಲೀಟರ್ ಸಮೇತ.